120 ಫಾರಂ ಮೊಟ್ಟೆ ಬೇಯಿಸಿದರೆ ಅರ್ಧಕ್ಕರ್ಧ ಸಿಪ್ಪೆ ಬಿಡುತ್ತಿಲ್ಲ, ಎಲ್ಲಿ ಎಡವಟ್ಟು?

ಮೆಸ್_ಲೆಕ್ಕ ಕೇಳಿದ್ದು

ಹಾಸ್ಟೆಲ್ ಮೆಸ್, ಚಿತ್ರದುರ್ಗದ ಕಡೆ. ಮೊಟ್ಟೆ ಸಾರಿನ ದಿನ 120 ಮೊಟ್ಟೆ, ಅಂದರೆ ನಾಲ್ಕು ಟ್ರೇ ಬೇಕು. ಫಾರಂ ಊರ ಪಕ್ಕದಲ್ಲೇ ಇದೆ, ಬೆಳಿಗ್ಗೆ ತಂದದ್ದನ್ನು ಅವತ್ತೇ ಬೇಯಿಸುತ್ತೇವೆ. ಈಗಿನ ಕ್ರಮ: ದೊಡ್ಡ ಅಲ್ಯೂಮಿನಿಯಂ ಡಬರಿಯಲ್ಲಿ ಮೊಟ್ಟೆ ತುಂಬಿ, ಮುಳುಗುವಷ್ಟು ತಣ್ಣೀರು ಹೊಯ್ದು, ಒಂದು ಹಿಡಿ ಕಲ್ಲುಪ್ಪು ಹಾಕಿ ದೊಡ್ಡ ಬರ್ನರ್ ಮೇಲೆ ಇಡುವುದು. ಕುದಿ ಬಂದ ಮೇಲೆ 15 ನಿಮಿಷ. ಬಸಿದು, ನಲ್ಲಿ ನೀರು ಬಿಟ್ಟು, ಸುಲಿಯುವುದು.

ಸುಲಿಯುವಾಗ ಬಿಳಿಯೆಲ್ಲ ಸಿಪ್ಪೆಗೆ ಅಂಟಿಕೊಂಡು ಚಕ್ಕೆ ಚಕ್ಕೆಯಾಗಿ ಕಿತ್ತು ಬರುತ್ತದೆ. ಕೆಲವದರಲ್ಲಿ ಹಳದಿ ಹೊರಗೆ ಕಾಣುವ ಮಟ್ಟಿಗೆ. ಹತ್ತಿಪ್ಪತ್ತು ಬೇಯುವಾಗಲೇ ಬಿರುಕು ಬಿಟ್ಟಿರುತ್ತವೆ. ಕೊಯ್ದು ನೋಡಿದರೆ ಹಳದಿಯ ಸುತ್ತ ಹಸಿರುಬೂದು ಉಂಗುರ. ಅಡುಗೆ ಸೋಡಾ ಹಾಕಿ ಎನ್ನುವವರೂ ಇದ್ದಾರೆ, ವಿನೆಗರ್ ಹಾಕಿ ಎನ್ನುವವರೂ ಇದ್ದಾರೆ. ಒಂದು ಕ್ಷಾರ, ಇನ್ನೊಂದು ಆಮ್ಲ. ಎರಡೂ ಸರಿ ಇರಲು ಹೇಗೆ ಸಾಧ್ಯ? ಬೋರ್‌ವೆಲ್ ನೀರು, ಸ್ವಲ್ಪ ಗಡಸು.

---

ಲೋಳೆ_ಹಳದಿ

ಸೋಡಾ, ವಿನೆಗರ್ ಎರಡನ್ನೂ ಸದ್ಯಕ್ಕೆ ಬದಿಗಿಡಿ. ನಿಮ್ಮ ಕ್ರಮದಲ್ಲಿ ಎರಡು ಕಡೆ ಪೆಟ್ಟು ಬೀಳುತ್ತಿದೆ. ಮೊಟ್ಟೆ ತೀರಾ ತಾಜಾ, ಮತ್ತು ತಣ್ಣೀರಿನಿಂದ ಶುರು.

ಮೊದಲು ತಾಜಾತನದ ವಿಷಯ. ಆಗಷ್ಟೇ ಇಟ್ಟ ಮೊಟ್ಟೆಯ ಬಿಳಿ ಲೋಳೆಯಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ. ಆಗ ಅದರ ಪಿಎಚ್ (ಆಮ್ಲ, ಕ್ಷಾರದ ಅಳತೆ, ಏರಿದಷ್ಟೂ ಕ್ಷಾರ) 7.6ರಿಂದ 8ರ ಆಸುಪಾಸು. ಓಡಿನಲ್ಲಿ ಸಾವಿರಾರು ಸಣ್ಣ ರಂಧ್ರಗಳಿವೆ, ಅನಿಲ ಅವುಗಳಿಂದ ನಿಧಾನವಾಗಿ ಹೊರಗೆ ಹೋಗುತ್ತದೆ. ಹೋದಷ್ಟೂ ಪಿಎಚ್ ಏರಿ 9ರ ಮೇಲೆ ನಿಲ್ಲುತ್ತದೆ. ಪಿಎಚ್ ಕಡಿಮೆ ಇದ್ದಾಗ ಬೆಂದ ಬಿಳಿ ಲೋಳೆ ಓಡಿನ ಒಳಪೊರೆಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. 8.7, 8.8 ದಾಟಿದ ಮೇಲೆ ಆ ಹಿಡಿತ ಸಡಿಲವಾಗುತ್ತದೆ. ನಮ್ಮ ಕಡೆಯ 28, 30 ಡಿಗ್ರಿ ಸೆಕೆಯಲ್ಲಿ ಹೊರಗಿಟ್ಟ ಮೊಟ್ಟೆಗೆ ಎರಡು ಮೂರು ದಿನ ಸಾಕು. ಫ್ರಿಜ್ಜಿನಲ್ಲಿಟ್ಟರೆ ವಾರ, ಹತ್ತು ದಿನ ಬೇಕಾಗುತ್ತದೆ.

ಪಿಎಚ್ ಕಾಗದವೇನೂ ಬೇಡ. ಟ್ರೇಯಿಂದ ಒಂದು ಮೊಟ್ಟೆ ತೆಗೆದು ತಟ್ಟೆಗೆ ಒಡೆಯಿರಿ. ಬಿಳಿ ಭಾಗ ಮಬ್ಬಾಗಿ, ಅಕ್ಕಿ ತೊಳೆದ ನೀರಿನ ಬಣ್ಣಕ್ಕಿದ್ದರೆ ಅನಿಲ ಇನ್ನೂ ಒಳಗೇ ಇದೆ. ಆ ಟ್ರೇ ಆಮ್ಲೆಟ್ಟಿಗೆ, ಬುರ್ಜಿಗೆ. ಲೋಳೆ ತಿಳಿಯಾಗಿ ತಟ್ಟೆಯ ತಳ ಕಾಣುತ್ತಿದ್ದರೆ ಬೇಯಿಸಲು ಹದ. ನೀರಲ್ಲಿ ಬಿಟ್ಟೂ ನೋಡಬಹುದು. ಮಲಗಿದರೆ ತಾಜಾ, ಮೊಂಡು ತುದಿ ಸ್ವಲ್ಪ ಮೇಲೆದ್ದರೆ ಸುಲಿಯಲು ಒಳ್ಳೆಯದು, ನೆಟ್ಟಗೆ ನಿಂತರೆ ಬೇಗ ಖರ್ಚು ಮಾಡಿ, ತೇಲಿದರೆ ಬಿಸಾಡಿ. ನೀರಿಗೆ ಬಿಟ್ಟ ಮೊಟ್ಟೆಯನ್ನು ಮಾತ್ರ ಮತ್ತೆ ಟ್ರೇಗೆ ಸೇರಿಸಬೇಡಿ, ಅವತ್ತೇ ಬೇಯಿಸಿ. ಓಡಿನ ಮೇಲಿನ ನೈಸರ್ಗಿಕ ಲೇಪ ತೊಳೆದುಹೋದ ಮೇಲೆ ಒದ್ದೆ ಓಡಿನಿಂದ ಸೂಕ್ಷ್ಮಾಣು ಒಳಗಿಳಿಯುವುದು ಸುಲಭ.

ಇನ್ನು ತಣ್ಣೀರು. ಬಿಳಿ ಲೋಳೆ ಒಂದೇ ವಸ್ತುವಲ್ಲ. ಅದರಲ್ಲಿನ ಕೆಲವು ಪ್ರೋಟೀನು 61, 62 ಡಿಗ್ರಿಗೇ ಗಟ್ಟಿಯಾಗಲು ಶುರು, ಮುಖ್ಯ ಪ್ರೋಟೀನಾದ ಓವಾಲ್ಬುಮಿನ್‌ಗೆ 80ರ ಮೇಲೆ ಬೇಕು. ತಣ್ಣೀರಿನಿಂದ ಕಾಯಿಸುತ್ತಾ ಹೋದರೆ ಈ ನಡುವಿನ ಉಷ್ಣತೆಯಲ್ಲಿ ಮೊಟ್ಟೆ ಬಹಳ ಹೊತ್ತು ಇರುತ್ತದೆ. ಸುರುಳಿ ಬಿಚ್ಚಿಕೊಂಡ ಪ್ರೋಟೀನಿಗೆ ಪೊರೆಯ ಎಳೆಗಳೊಳಗೆ ಹೆಣೆದುಕೊಳ್ಳಲು ಪುರುಸೊತ್ತು ಸಿಗುತ್ತದೆ. ಕುದಿಯುವ ನೀರಿಗೋ ಹಬೆಗೋ ನೇರ ಇಟ್ಟರೆ ಹೊರಪದರ ತಟ್ಟನೆ ಗಟ್ಟಿಯಾಗಿ ತನ್ನಲ್ಲೇ ಬಿಗಿದುಕೊಂಡು ಪೊರೆಯಿಂದ ದೂರ ಸರಿಯುತ್ತದೆ. ಎರಡು ಮೊಟ್ಟೆ ಬೇಯಿಸಿ ನೋಡಿದರೂ ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ.

ಹಸಿರು ಉಂಗುರ ಬೇರೆಯದೇ ಸಂಗತಿ. ಅತಿಯಾಗಿ ಬೆಂದಾಗ ಬಿಳಿ ಭಾಗದ ಗಂಧಕದಿಂದ ಹೈಡ್ರೋಜನ್ ಸಲ್ಫೈಡ್ ಹುಟ್ಟಿ, ಹಳದಿಯ ಅಂಚಿನಲ್ಲಿ ಕಬ್ಬಿಣದ ಜೊತೆ ಸೇರಿ ಆ ಬಣ್ಣ ಬರುತ್ತದೆ. ತಿಂದರೆ ತೊಂದರೆಯಿಲ್ಲ, ನೋಡಲು ಚೆಂದವಿಲ್ಲ. ಕುದಿ ಬರುವವರೆಗಿನ ಹೊತ್ತು, ಆಮೇಲೆ 15 ನಿಮಿಷ, ಬಸಿದ ಮೇಲೂ ರಾಶಿಯೊಳಗೆ ಉಳಿದ ಬಿಸಿ, ಇಷ್ಟೂ ಸೇರಿ ನಿಮ್ಮ ಮೊಟ್ಟೆ ಅರ್ಧ ಗಂಟೆ ಬೇಯುತ್ತಿದೆ.

---

ಮೆಸ್_ಲೆಕ್ಕ

ಹಾಗಾದರೆ ಕುದಿಯುವ ನೀರಿಗೇ 120 ಮೊಟ್ಟೆ ಸುರಿದರೆ ಆಯಿತಲ್ಲ? 10 ಲೀಟರ್ ನೀರು ಕಾಯಿಸುವುದೇನೂ ಕಷ್ಟವಲ್ಲ.

---

ಇಡ್ಲಿಬಾಕ್ಸ್

ಸುರಿಯಬೇಡಿ, ಎರಡು ಕಾರಣಕ್ಕೆ. ಒಂದು, ಡಬರಿಯ ತಳಕ್ಕೆ ಬಿದ್ದು ಒಂದಕ್ಕೊಂದು ತಗಲಿ ಒಡೆಯುತ್ತವೆ. ಇನ್ನೊಂದು, ಲೆಕ್ಕ ಹಾಕಿ ನೋಡಿ: 55 ಗ್ರಾಮಿನಂತೆ 120 ಮೊಟ್ಟೆ ಅಂದರೆ 6.6 ಕಿಲೋ. ನಿಮ್ಮ ಎತ್ತರದಲ್ಲಿ ನೀರು 97, 98 ಡಿಗ್ರಿಗೆ ಕುದಿಯುತ್ತದೆ, ಮೊಟ್ಟೆ 27ರಲ್ಲಿರುತ್ತದೆ. ಬರ್ನರ್ ಕೊಡುವ ಶಾಖ ಬಿಟ್ಟು ನೋಡಿದರೆ ಎರಡೂ ಸೇರಿ 73ರ ಹತ್ತಿರ ಬಂದು ನಿಲ್ಲುತ್ತವೆ. ಮತ್ತೆ ಕುದಿ ಹಿಡಿಯುವಷ್ಟರಲ್ಲಿ ಮೇಲಿನವರು ಹೇಳಿದ ಅದೇ ನಡುವಿನ ಉಷ್ಣತೆಯಲ್ಲಿ ಮೊಟ್ಟೆ ನೆನೆದಿರುತ್ತದೆ. ಹೆಸರಿಗೆ ಬಿಸಿನೀರು, ಫಲ ತಣ್ಣೀರಿನದೇ. 10 ಲೀಟರಿಗೆ ಒಂದು ಟ್ರೇ ಮಾತ್ರ ಇಳಿಸಿದರೆ 88, 89ಕ್ಕೆ ಇಳಿದು ಬೇಗ ಚೇತರಿಸಿಕೊಳ್ಳುತ್ತದೆ. ಆದರೆ ನಾಲ್ಕು ಸಲ ಬೇಯಿಸಬೇಕು.

ನಿಮ್ಮ ಮೆಸ್‌ನಲ್ಲಿ ಇಡ್ಲಿ ಮಾಡುತ್ತೀರಲ್ಲ? ಆ ಸ್ಟೀಮರ್ ಬಾಕ್ಸಿನಲ್ಲೇ ಮೊಟ್ಟೆ ಬೇಯಿಸಿ. ಒಂದು ಲೀಟರ್ ನೀರನ್ನು 27ರಿಂದ 97ಕ್ಕೆ ಕಾಯಿಸಲು ಎಷ್ಟು ಶಾಖ ಬೇಕೋ, ಅಷ್ಟೇ ನೀರಿನ ಹಬೆ ತಣ್ಣಗಿನ ಓಡಿಗೆ ತಗಲಿ ನೀರಾಗುವಾಗ ಅದರ ಏಳೆಂಟು ಪಟ್ಟು ಶಾಖ ಬಿಡುತ್ತದೆ. ಓಡಿನ ಪಕ್ಕದ ಪದರ ಬೇಗ ಗಟ್ಟಿಯಾಗುವುದು ಅದಕ್ಕೇ. ಕುದಿತದ ಕುಲುಕಾಟ ಇಲ್ಲದ್ದರಿಂದ ಒಡೆಯುವುದೂ ಕಡಿಮೆ.

ಮಾಡುವ ಬಗೆ: ತಳದಲ್ಲಿ ನಾಲ್ಕೈದು ಬೆರಳು ನೀರು. ಅಲ್ಯೂಮಿನಿಯಂ ಆದರೆ ಇಡ್ಲಿಗೆ ಹಾಕುವ ಹಾಗೆ ಒಂದು ಚೂರು ಹುಣಸೆಹಣ್ಣೋ ಹಿಂಡಿದ ನಿಂಬೆ ಹೋಳೋ ಹಾಕಿ, ಗಡಸು ನೀರಿಗೆ ಪಾತ್ರೆ ಕಪ್ಪಾಗುವುದಿಲ್ಲ. ಇಡ್ಲಿ ಗುಳಿಯ ತಟ್ಟೆ ಬೇಡ, ತೂತಿನ ಸಪಾಟು ತಟ್ಟೆ ಇರಲಿ. ಒಂದು ತಟ್ಟೆಗೆ ಒಂದೇ ಪದರ, ಮೊಟ್ಟೆ ಮೊಟ್ಟೆಯ ನಡುವೆ ಹಬೆ ಓಡಾಡಲು ಜಾಗ. ತಟ್ಟೆಗಳನ್ನು ಹೊರಗೇ ಜೋಡಿಸಿಟ್ಟುಕೊಳ್ಳಿ. ಹಬೆ ಬಿರುಸಾಗಿ ನುಗ್ಗುತ್ತಿರುವಾಗ ಒಂದರ ಹಿಂದೊಂದು ಒಳಗೆ ತಳ್ಳಿ ಬಾಗಿಲು ಹಾಕಿ, ಉರಿ ಪೂರ್ತಿ ಇರಲಿ. ಕೈಗೆ ಬಟ್ಟೆ ಸುತ್ತಿಕೊಳ್ಳಿ, ಬಾಗಿಲು ತೆರೆದಾಗ ಮುಖ ಪಕ್ಕಕ್ಕಿರಲಿ.

ಇಲ್ಲಿಯೇ ಹೆಚ್ಚಿನವರು ಸಮಯ ತಪ್ಪುವುದು. ಮೊಟ್ಟೆ ಇಟ್ಟೊಡನೆ ಹಬೆ ಹೊರಗೆ ಬರುವುದು ನಿಲ್ಲುತ್ತದೆ, ಅಷ್ಟೂ ತಣ್ಣಗಿನ ಓಡಿನ ಮೇಲೆ ನೀರಾಗುತ್ತಿರುತ್ತದೆ. ಕೆಲವು ನಿಮಿಷದ ಮೇಲೆ ಬಾಗಿಲ ಸಂದಿಯಿಂದ ಮತ್ತೆ ಹಬೆ ಚಿಮ್ಮುತ್ತದೆ. ಗಡಿಯಾರ ಶುರುವಾಗಬೇಕಾದ್ದು ಆಗ. ಅಲ್ಲಿಂದ 50, 55 ಗ್ರಾಮಿನ ಮೊಟ್ಟೆಗೆ 11, 12 ನಿಮಿಷ. ಮೊದಲ ದಿನ 11ಕ್ಕೆ ಮೇಲಿನ ತಟ್ಟೆಯಿಂದ ಒಂದು, ಕೆಳಗಿನದರಿಂದ ಒಂದು ತೆಗೆದು ದಾರ ಸುತ್ತಿ ಕೊಯ್ದು ನೋಡಿ. ಹಳದಿಯ ನಟ್ಟನಡುವೆ ಕಾಳಿನಷ್ಟು ಒದ್ದೆ ಗಾಢ ಬಣ್ಣವಿದ್ದರೆ ಇನ್ನೊಂದು ನಿಮಿಷ. ನಿಮ್ಮ ಬಾಕ್ಸಿನ ಸಮಯ ಒಮ್ಮೆ ಗೊತ್ತಾದರೆ ಬರೆದು ಗೋಡೆಗೆ ಅಂಟಿಸಿ, ಅಡುಗೆಯವರು ಬದಲಾದರೂ ಅದು ಉಳಿಯುತ್ತದೆ.

ಆಮೇಲೆ ತಣಿಸುವುದು. 120 ಬಿಸಿ ಮೊಟ್ಟೆಯನ್ನು 20 ಲೀಟರ್ ತಣ್ಣೀರಿಗೆ ಹಾಕಿದರೆ ನೀರು 38, 39 ಡಿಗ್ರಿಗೆ ಏರುತ್ತದೆ. ಆ ನೀರನ್ನು ಚೆಲ್ಲಿ ಇನ್ನೊಂದು ಸಲ ತುಂಬಿಸಿ. ಐಸ್ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಎರಡು ಸಲ ನೀರು ಬದಲಿಸಿದರೂ ನಡೆಯುತ್ತದೆ. ಹಸಿರು ಉಂಗುರ ತಪ್ಪಿಸಲು ತಣಿಸುವುದು ಮುಖ್ಯ, ಸುಲಿಯುವುದಕ್ಕೆ ಅದರ ಉಪಕಾರ ಜನ ಹೇಳುವಷ್ಟೇನಿಲ್ಲ. ತಣ್ಣೀರಿನಿಂದ ಶುರು ಮಾಡಿದ ತಾಜಾ ಮೊಟ್ಟೆಯನ್ನು ಐಸಿನಲ್ಲಿ ಹೂತಿಟ್ಟರೂ ಅಂಟಿದ್ದು ಬಿಡುವುದಿಲ್ಲ.

ಸರ್ಕಾರಿ ಶಾಲೆಗಳಲ್ಲಿ 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ ಬಂದಿದೆಯಲ್ಲ, ಬಿಸಿಯೂಟದ ಅಡುಗೆಯವರಿಗೂ ಈ ಲೆಕ್ಕ ಬೇಕಾದದ್ದೇ. ಸ್ಟೀಮರ್ ಬಾಕ್ಸ್ ಇಲ್ಲದ ಕಡೆ ದೊಡ್ಡ ಹಂಡೆಯ ತಳದಲ್ಲಿ ಸ್ಟ್ಯಾಂಡ್ ಇಟ್ಟು, ಮೇಲೆ ತೂತಿನ ತಟ್ಟೆ ಇಟ್ಟು, ಬಿಗಿಯಾದ ಮುಚ್ಚಳ ಹಾಕಿದರೂ ಆಗುತ್ತದೆ. ನೀರು ತಟ್ಟೆಗೆ ತಾಕಬಾರದು.

---

ಧಾರವಾಡ_ತತ್ತಿ

ಕುದಿಸೂದು ಎಲ್ಲಾ ಹೇಳ್ಯಾರ, ಸುಲಿಯೂದು ಯಾರೂ ಹೇಳಿಲ್ಲ ನೋಡ್ರಿ. ತತ್ತಿ ಛಲೋ ಕುದ್ದಿದ್ರೂ ಸುಲಿಯಾಕ ಬರ್ಲಿಲ್ಲಂದ್ರ ಮತ್ತ ಗುಳಿ ಬೀಳ್ತಾವ.

ತಣ್ಣಗ ಆದ ಕೂಡ್ಲೇ ಮೊಂಡ ತುದಿ ಕಟ್ಟೀಗೆ ಬಡೀರಿ, ಚೂಪ ತುದಿ ಅಲ್ಲ. ಮೊಂಡ ತುದ್ಯಾಗ ಗಾಳಿ ಚೀಲ ಇರ್ತದ, ಅಲ್ಲಿ ಪೊರೆ ಬಿಳಿಗೆ ಹತ್ತಿರೂದಿಲ್ಲ. ಆಮ್ಯಾಲೆ ಅಂಗೈ ಕೆಳಗ ಇಟ್ಟು ಹಗೂರಕ ಉರುಳಿಸ್ರಿ, ಮೈಯೆಲ್ಲಾ ಸಣ್ಣ ಬಿರುಕು ಬೀಳಬೇಕು, ಬಿಳಿ ಸೀಳಬಾರದು. ಹಂಗ ಬಿರುಕು ಬಿಟ್ಟ ತತ್ತಿ ಒಂದು ಬಕೆಟ್ ನೀರಾಗ ಐದ್ಹತ್ತು ನಿಮಿಷ ಬಿಡ್ರಿ. ನೀರು ಬಿರುಕಿನೊಳಗಿಂದ ಪೊರೆ ಕೆಳಗ ಹೋಗ್ತದ. ಸುಲಿಯೂದೂ ನೀರಾಗ ಮುಳುಗಿಸೇ. ಹೆಬ್ಬೆಟ್ಟಿನ ತುದಿಗೆ ಪೊರೆ ಸಿಗಬೇಕು, ಬರೇ ಓಡಲ್ಲ. ಪೊರೆ ಹಿಡದು ಎಳದ್ರ ಓಡು ಅದರ ಹಿಂದ ಬರ್ತದ. ಓಡು ಒಂದೊಂದ ಚೂರು ಆರಿಸ್ಕೋತ ಕುಂತ್ರ ಸಂಜಿ ತನಕ ಮುಗಿಯೂದಿಲ್ಲ.

ಡಬ್ಬ್ಯಾಗ ಹಾಕಿ ಅಲುಗಾಡಿಸೂದು ಫೋನಿನಾಗ ಎಲ್ಲಾರೂ ತೋರಸ್ತಾರ. ನಾಲ್ಕೈದು ತತ್ತಿಗೆ ಆಗ್ತದ, ಡಬ್ಬ್ಯಾಗ ಎರಡು ಬೆರಳು ನೀರು ಇದ್ರ. 120ಕ್ಕ ಬ್ಯಾಡ. ಒಂದು ಮೆತ್ತಗಿದ್ದದ್ದು ಒಡದ್ರ ಡಬ್ಬಿ ತುಂಬ ಹಳದಿ.

ಫ್ರಿಜ್ಜಿನ್ಯಾಗ ಇಟ್ಟು ನಾಳೆ ಸುಲೀತೀನಿ ಅನಬ್ಯಾಡ್ರಿ. ಪೊರೆ ಒಣಗಿ ಮತ್ತ ಹಿಡಕೋತದ. ಸೋಡಾ ಮಾತ್ರ ನನಗ ಖರೇ ಅನಸ್ತದ, ಒಂದು ಚಿಟಿಕಿ ಹಾಕ್ರಿ, ಕಳಕೊಳ್ಳೂದೇನೈತಿ?

---

ಲೋಳೆ_ಹಳದಿ

ಸುಲಿಯುವ ವಿಷಯದಲ್ಲಿ ಪೂರ್ತಿ ಒಪ್ಪಿಗೆ. ಸೋಡಾ ವಿಷಯದಲ್ಲಿ ಇಲ್ಲ. ತರ್ಕವೇನೋ ಸರಿ, ಕ್ಷಾರ ಏರಿದರೆ ಹಿಡಿತ ಸಡಿಲ. ಆದರೆ ಏರಬೇಕಾದ್ದು ಮೊಟ್ಟೆಯೊಳಗಿನ ಪಿಎಚ್, ಪಾತ್ರೆಯ ನೀರಿನದ್ದಲ್ಲ. ಹನ್ನೆರಡು ನಿಮಿಷದಲ್ಲಿ ಓಡು, ಎರಡು ಪೊರೆ ದಾಟಿ ಸೋಡಾ ಒಳಗೆ ಹೋಗುವುದು ಅಷ್ಟಕ್ಕಷ್ಟೆ, ಅಷ್ಟರೊಳಗೆ ಹೊರಪದರ ಗಟ್ಟಿಯಾಗಿಯೂ ಆಗಿರುತ್ತದೆ. ಕಳೆದುಕೊಳ್ಳುವುದೂ ಇದೆ. ಕ್ಷಾರ ನೀರಿಗೆ ಅಲ್ಯೂಮಿನಿಯಂ ಕಪ್ಪಾಗುತ್ತದೆ, ಸೋಡಾ ಹೆಚ್ಚಾದರೆ ಗಂಧಕದ ವಾಸನೆ ಏಳುತ್ತದೆ. ಹಬೆಯಲ್ಲಿ ಬೇಯಿಸುವಾಗಲಂತೂ ಸೋಡಾ ತಳದ ನೀರಲ್ಲೇ ಉಳಿಯುತ್ತದೆ, ಮೊಟ್ಟೆಗೆ ತಾಕುವುದೇ ಇಲ್ಲ.

ವಿನೆಗರ್ ಓಡಿನ ಸುಣ್ಣವನ್ನು ಸ್ವಲ್ಪ ಕರಗಿಸುತ್ತದೆ, ಅಷ್ಟೆ. ಅಂಟುವುದು ಪೊರೆಗೆ, ಓಡಿಗಲ್ಲ. ಉಪ್ಪು ಅಥವಾ ವಿನೆಗರ್‌ನಿಂದ ಇರುವ ನಿಜವಾದ ಲಾಭ ಬೇರೆ: ಬಿರುಕಿನಿಂದ ಸೋರಿದ ಲೋಳೆ ಅಲ್ಲೇ ಬೇಗ ಹೆಪ್ಪುಗಟ್ಟಿ ಸೋರುವುದು ನಿಲ್ಲುತ್ತದೆ. ನೀರಲ್ಲಿ ಬೇಯಿಸುವವರು ಅದಕ್ಕಾಗಿ ಹಾಕಿಕೊಳ್ಳಲಿ. ಸಿಪ್ಪೆ ಸುಲಭವಾಗುತ್ತದೆ ಎಂದು ಹಾಕಿದ ಆ ಒಂದು ಹಿಡಿ ಕಲ್ಲುಪ್ಪು ದಂಡ.

ಬಿರುಕಿನ ವಿಷಯ: ಮೊಂಡು ತುದಿಯ ಗಾಳಿ ಬಿಸಿಗೆ ಹಿಗ್ಗುತ್ತದೆ. ಅಲ್ಲಿ ಗುಂಡುಸೂಜಿಯಿಂದ ಒಂದು ತೂತು ಮಾಡಿದರೆ ಗಾಳಿ ಗುಳ್ಳೆಯಾಗಿ ಹೊರಬರುತ್ತದೆ. ಬೆಂದ ಮೊಟ್ಟೆಯ ಬುಡದ ಗುಳಿಯೂ ಕಡಿಮೆಯಾಗುತ್ತದೆ. ಮನೆಯ ಆರು ಮೊಟ್ಟೆಗೆ ಮಾಡಬಹುದು, ನಿಮಗೆ ಬೇಡದ ಕೆಲಸ. ತರುವಾಗಲೇ ಬಿರುಕಿರುವ ಮೊಟ್ಟೆಯನ್ನು ಎರಡೆರಡು ಹಗುರವಾಗಿ ತಾಕಿಸಿ ಸದ್ದಿನಿಂದ ಆರಿಸಿ. ಗಟ್ಟಿಯದ್ದು ಟಿಣ್ ಎನ್ನುತ್ತದೆ, ಬಿರುಕಿನದ್ದು ಡಬ್ ಎನ್ನುತ್ತದೆ.

---

ಎರಡು_ವಿಷಲ್

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಮನೆಯಲ್ಲಿ ನಾಟಿ ಕೋಳಿ ಇರುವವರ ಪಾಡು ಇದಕ್ಕಿಂತ ಕಷ್ಟ, ಇಟ್ಟ ದಿನವೇ ಒಲೆಗೆ ಹೋಗುತ್ತದೆ. ಅಂಥ ಮೊಟ್ಟೆಗೆ ಪ್ರೆಷರ್ ಕುಕ್ಕರ್ ಹಿಡಿಸುತ್ತದೆ. ಮೂರು ಲೀಟರಿನ ಕುಕ್ಕರಿಗೆ ಒಂದು ಲೋಟ ನೀರು, ಸ್ಟ್ಯಾಂಡ್, ಅದರ ಮೇಲೆ ತೂತಿನ ತಟ್ಟೆ. ನೀರು ಕುದ್ದ ಮೇಲೆ ಮೊಟ್ಟೆ ಇಟ್ಟು ಮುಚ್ಚಿ. ಒಂದು ವಿಷಲ್ ಬಂದೊಡನೆ ಗ್ಯಾಸ್ ಆಫ್, ಐದು ನಿಮಿಷ ಬಿಡಿ, ಉಳಿದ ಒತ್ತಡ ವೆಯ್ಟ್ ಎತ್ತಿ ತೆಗೆದು ನೇರ ತಣ್ಣೀರಿಗೆ. ಪೂರ್ತಿ ಒತ್ತಡದಲ್ಲಿ ಒಳಗೆ 120 ಡಿಗ್ರಿ ಹತ್ತಿರ ಇರುವುದರಿಂದ ತಾಜಾ ಮೊಟ್ಟೆಯೂ ಬಿಡಿಸಿಕೊಳ್ಳುತ್ತದೆ.

ಆದರೆ ಎರಡನೇ ವಿಷಲ್ ಬಂತೋ, ಬಿಳಿ ರಬ್ಬರ್, ಹಳದಿ ಪುಡಿ ಪುಡಿ, ಹಸಿರು ಉಂಗುರ ಗ್ಯಾರಂಟಿ. ಕುಕ್ಕರ್ ದೊಡ್ಡದಾದಷ್ಟೂ ಮೊದಲ ವಿಷಲ್ ತಡ, ಅಷ್ಟು ಹೊತ್ತೂ ಮೊಟ್ಟೆ ಬೇಯುತ್ತಿರುತ್ತದೆ. ಐದು ಲೀಟರಿನದರಲ್ಲಿ ಅದೇ ಲೆಕ್ಕ ಹಿಡಿಯಬೇಡಿ. ನಾಟಿ ಮೊಟ್ಟೆ 35, 45 ಗ್ರಾಂ ಅಷ್ಟೆ. ಬರೀ ಕುದಿಯುವ ನೀರಾದರೆ 9, 10 ನಿಮಿಷ ಸಾಕು. ಕುದಿಯುವ ನೀರಿಗೆ ಸೌಟಿನಲ್ಲಿಟ್ಟು ಇಳಿಸಿ, ಒಂದರ್ಧ ನಿಮಿಷದ ಮೇಲೆ ಉರಿ ತಗ್ಗಿಸಿ. ಗಿರಿರಾಜ, ಸ್ವರ್ಣಧಾರಾ ಕೋಳಿಯ ಕಂದು ಮೊಟ್ಟೆಗೂ ಇದೇ ಕ್ರಮ, ತೂಕ ನೋಡಿ ಹೊತ್ತು ಹೆಚ್ಚಿಸಿ. ಓಡಿನ ಬಣ್ಣಕ್ಕೂ ಸುಲಿಯುವುದಕ್ಕೂ ಸಂಬಂಧವಿಲ್ಲ.

ಓಡಿಗೆ ಎಣ್ಣೆ ಸವರಿಯೋ ಸುಣ್ಣದ ತಿಳಿನೀರಲ್ಲಿ ಅದ್ದಿಯೋ ಕೆಡದಂತೆ ಇಡುವ ರೂಢಿ ಕೆಲವು ಕಡೆ ಇದೆ. ರಂಧ್ರ ಮುಚ್ಚಿಹೋಗಿ ಅನಿಲ ಒಳಗೇ ಉಳಿಯುವುದರಿಂದ ಅಂಥ ಮೊಟ್ಟೆ ವಾರ ಕಳೆದರೂ ಸುಲಿಯಲು ಹಟ ಮಾಡುತ್ತದೆ.

---

ಮೆಸ್_ಲೆಕ್ಕ

ಸ್ಟೀಮರ್ ಇದೆ, ತೂತಿನ ಸಪಾಟು ತಟ್ಟೆ ಮಾಡಿಸಬೇಕು. ಇನ್ನೆರಡು ಕೇಳುವುದಿದೆ. ಮೂರು ದಿನ ಮೊಟ್ಟೆ ಇಟ್ಟುಕೊಳ್ಳಲು ಫ್ರಿಜ್ ಇಲ್ಲ, ಏಪ್ರಿಲ್‌ನಲ್ಲಿ ಅಡುಗೆಮನೆ ಪಕ್ಕದ ಉಗ್ರಾಣ ಕಾದ ಕಾವಲಿ. ಇನ್ನೊಂದು, ಸಾರಿಗೆ ಹಾಕುವ ಮೊದಲು ಎಣ್ಣೆಯಲ್ಲಿ ಹುರಿಯುತ್ತೇವೆ, ಆಗ ಒಂದೊಂದು ಢಬ್ ಎಂದು ಸಿಡಿಯುತ್ತದೆ.

---

ಇಡ್ಲಿಬಾಕ್ಸ್

ಮೊದಲನೆಯದು: ಒಂದು ಸರತಿ ಮುಂದೆ ಖರೀದಿ ಮಾಡಿ. ಇವತ್ತು ಬಂದ ನಾಲ್ಕು ಟ್ರೇ ಮುಂದಿನ ಮೊಟ್ಟೆ ಸಾರಿನ ದಿನಕ್ಕೆ, ಇವತ್ತಿಗೆ ಹಿಂದಿನ ಸಲದ್ದು. ಟ್ರೇ ಮೇಲೆ ಸೀಮೆಸುಣ್ಣದಲ್ಲಿ ತಾರೀಖು ಬರೆಯಿರಿ. ಮೊಂಡು ತುದಿ ಮೇಲೆ, ಒಲೆಯಿಂದ ದೂರ, ಗಾಳಿಯಾಡುವ ನೆರಳಲ್ಲಿ. ಪ್ಲಾಸ್ಟಿಕ್ ಸುತ್ತಬೇಡಿ, ತೊಳೆದೂ ಇಡಬೇಡಿ. ಬೇಸಿಗೆಯಲ್ಲಿ ಎರಡು ದಿನ ಸಾಕು, ಮಳೆಗಾಲದಲ್ಲಿ ಮೂರು ನಾಲ್ಕು. ಅಷ್ಟೂ ಆಗದಿದ್ದರೆ ತಾಜಾ ಮೊಟ್ಟೆಯನ್ನೇ ಹಬೆಗೆ ಇಡಿ. ಹಳೆಯ ಮೊಟ್ಟೆಯನ್ನು ತಣ್ಣೀರಿಂದ ಬೇಯಿಸುವುದಕ್ಕಿಂತ ತಾಜಾ ಮೊಟ್ಟೆಯನ್ನು ಹಬೆಯಲ್ಲಿ ಬೇಯಿಸುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಎರಡೂ ಕೂಡಿ ಬಂದರೆ ಮಾತೇ ಬೇಡ.

ಸುಲಿದ ಮೊಟ್ಟೆಯನ್ನು ಸೆಕೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊರಗೆ ಬಿಡಬೇಡಿ. ಬೆಳಿಗ್ಗೆ ಬೇಯಿಸಿ ರಾತ್ರಿ ಬಡಿಸುವ ಲೆಕ್ಕ ಇದ್ದರೆ ಅದನ್ನು ಬಿಡಿ, ಬೇಯಿಸುವುದನ್ನೇ ಮಧ್ಯಾಹ್ನದ ಮೇಲಕ್ಕೆ ಹಾಕಿ.

ಎರಡನೆಯದು, ಸಿಡಿಯುವುದು. ನೀರಲ್ಲಿ ಸುಲಿದ ಮೊಟ್ಟೆಯ ಮೈಮೇಲೆ ನೀರಿರುತ್ತದೆ. ಗಟ್ಟಿ ಬಿಳಿಯೊಳಗೆ ಸಿಕ್ಕಿಕೊಂಡ ತೇವ ಕಾದ ಎಣ್ಣೆಯಲ್ಲಿ ಹಬೆಯಾಗಿ ಹೊರಗೆ ದಾರಿ ಹುಡುಕುತ್ತದೆ. ಜರಡಿಯಲ್ಲಿ ಹತ್ತು ನಿಮಿಷ ಆರಲು ಬಿಟ್ಟು, ಒಣ ಬಟ್ಟೆಯಲ್ಲಿ ಒರೆಸಿ, ಚಾಕುವಿನ ತುದಿಯಿಂದ ಉದ್ದಕ್ಕೆ ನಾಲ್ಕು ಗೀರು ಹಾಕಿ, ಬಿಳಿಯ ಅರ್ಧದಷ್ಟು ಆಳಕ್ಕೆ, ಹಳದಿ ಮುಟ್ಟದ ಹಾಗೆ. ಹಬೆಗೆ ದಾರಿಯಾಗುತ್ತದೆ, ಸಾರಿನ ಖಾರವೂ ಒಳಗಿಳಿಯುತ್ತದೆ. ಎಣ್ಣೆಗೆ ಮೊದಲು ಒಂದು ಚಿಟಿಕೆ ಅರಿಶಿನ, ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಹೊರಳಿಸಿ, ಹೊಂಬಣ್ಣ ಬಂದ ಕೂಡಲೇ ತೆಗೆಯಿರಿ. ಇನ್ನೂ ಹುರಿದರೆ ಮೇಲಿನ ಸಿಪ್ಪೆಯಂಥ ಪದರ ಚರ್ಮವಾಗಿ ಸಾರಿನಲ್ಲಿ ಎಷ್ಟು ಕುದ್ದರೂ ಮೆತ್ತಗಾಗುವುದಿಲ್ಲ.